ಯಾರದೋ ಸಕ್ಕರೆ

ಬೇವಿನ ಮರ ಹೂ ಬಿಟ್ಟಾಗ ಬರುವ ವಾಸನೆ ಬೇರೆಯವರಿಗೆ ಹಬ್ಬವನ್ನು ನೆನಪಿಸಬಹುದು. ನನಗೆ ಮಾತ್ರ ಅದು ಮೂಗಿಗೆ ತಾಗಿದ ಕೂಡಲೇ ಹಳೆಯ ಭಯವೊಂದು ನೆನಪಾಗುತ್ತದೆ. ಮೊನ್ನೆ ಯುಗಾದಿಗೆಂದು ಭದ್ರಾವತಿಯ ಓಲ್ಡ್ ಟೌನಿಗೆ, ಅಮ್ಮನ ಮನೆಗೆ ಹೋದಾಗಲೂ ಹಾಗೇ ಆಯಿತು. ಬೀದಿಯ ಮೂಲೆಯ ಬೇವಿನ ಮರದ ಕೆಳಗೆ ಹೂ ಉದುರಿ ನೆಲ ಬೆಳ್ಳಗಾಗಿತ್ತು. ನಾನು ಆಟೋದವನಿಗೆ ಚಿಲ್ಲರೆ ಕೊಡುವುದನ್ನೂ ಮರೆತು ಒಂದು ಕ್ಷಣ ನಿಂತುಬಿಟ್ಟೆ. ತೊಂಬತ್ತರ ದಶಕದ ಕೊನೆಯ ಆ ಬೇಸಿಗೆ ಅದೇ ಮರದ ಕೆಳಗೆ ನನಗಾಗಿ ಕಾದು ಕೂತಿರುತ್ತದೆ ಅನ್ನಿಸುತ್ತದೆ, ಪ್ರತಿ ವರ್ಷವೂ.

ನಾನು ಹುಟ್ಟು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದು ನೋಡುವ ಜಾತಿ. ಇದು ಅಮ್ಮನಿಂದ ಬಂದ ಬಳುವಳಿ. ನಮ್ಮ ಮನೆಯಲ್ಲಿ ಫೋನು ಎರಡು ಸಲಕ್ಕಿಂತ ಹೆಚ್ಚು ರಿಂಗಾದರೆ ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಅಪ್ಪ ಹೈಸ್ಕೂಲು ಮೇಷ್ಟ್ರು. "ನಿಮ್ಮಿಬ್ಬರ ಹೆದರಿಕೆ ಮಾರಾಟಕ್ಕಿಟ್ಟಿದ್ರೆ ನಾವು ಶಿವಮೊಗ್ಗದ ಗಾಂಧಿ ಬಜಾರಲ್ಲಿ ಅಂಗಡಿ ಇಡಬಹುದಿತ್ತು" ಎಂದು ತಮಾಷೆ ಮಾಡುತ್ತಿದ್ದರು. ಆದರೆ ಆ ವರ್ಷ ನಾವು ಪಟ್ಟ ಭಯ ತಮಾಷೆಯದಾಗಿರಲಿಲ್ಲ.

ಬಿ.ಎಸ್ಸಿ. ಮುಗಿಸಿ ಸುಮ್ಮನೆ ಕೂತಿದ್ದ ನನ್ನನ್ನು ಅಪ್ಪ ಶಿವಮೊಗ್ಗದ ದುರ್ಗಿಗುಡಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದರು. ಬಟ್ಟೆ ಅಂಗಡಿಯ ಮೇಲಿನ ಮಹಡಿ, ಕಡಿದಾದ ಮೆಟ್ಟಿಲು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಂಪ್ಯೂಟರಿಗೆ ಧೂಳು ಆಗುವುದಿಲ್ಲ ಎಂದು ಅವಕ್ಕೆಲ್ಲ ಹೂವಿನ ಚಿತ್ರದ ಬಟ್ಟೆಯ ಮುಸುಕು. ಕ್ಲಾಸಿನ ಯಜಮಾನರೂ ಮೇಷ್ಟ್ರೂ ನಾಗಭೂಷಣ ಸರ್. ಒಳ್ಳೆಯ ಮನುಷ್ಯ, ಆದರೆ ಜಂಭ ಸ್ವಲ್ಪ ಜಾಸ್ತಿ. "ಶಿವಮೊಗ್ಗಕ್ಕೆ ಕಂಪ್ಯೂಟರ್ ತಂದಿದ್ದು ಯಾರು ಅಂತ ಕೇಳಿ ನೋಡಿ" ಎನ್ನುತ್ತಿದ್ದರು. ಕೇಳಲು ಯಾರೂ ಹೋಗಲಿಲ್ಲವಾದ್ದರಿಂದ ಅವರ ಮಾತೇ ನಿಂತಿತ್ತು. ನಾನು ಅವರ ಬಳಿ ಸಿ ಭಾಷೆ ಕಲಿಯುತ್ತಿದ್ದೆ, ಫೀಸಿನ ಬದಲಿಗೆ ಟೈಪಿಂಗ್ ಕೆಲಸ ಮಾಡಿಕೊಡುತ್ತಿದ್ದೆ.

ಫೆಬ್ರವರಿಯಲ್ಲಿ ನಮ್ಮ ಓಲ್ಡ್ ಟೌನಿನ ಯುವಕರ ಸಂಘದವರು ಬೀದಿಯವರಿಗೆಲ್ಲ ಆರೋಗ್ಯ ತಪಾಸಣೆ ಮಾಡಿಸುತ್ತೇವೆಂದು ಹೊರಟರು. ತೂಕ, ಬಿಪಿ ನೋಡಿ, ಎಲ್ಲರಿಗೂ ಒಂದೊಂದು ರಿಪೋರ್ಟು ಕೊಡುವುದು. ವಿಷಯ ನನ್ನಿಂದ ಸರ್ ಕಿವಿಗೆ ಬಿತ್ತು. "ರಿಪೋರ್ಟು ನಾನು ಕಂಪ್ಯೂಟರಲ್ಲಿ ಕೊಡ್ತೀನಿ, ಪುಕ್ಕಟೆ" ಎಂದು ಅವರು ತಾವೇ ಬಸ್ಸು ಹತ್ತಿ ಬಂದು ಸಂಘದವರಿಗೆ ಮಾತು ಕೊಟ್ಟರು.

ಸರ್ ಎರಡು ದಿನ ಕೂತು ಪ್ರೋಗ್ರಾಮ್ ಬರೆದರು. ಅದನ್ನು ಸ್ವಲ್ಪ ವಿವರಿಸದೆ ಮುಂದಿನದು ಅರ್ಥವಾಗುವುದಿಲ್ಲ. ಹೆಸರುಗಳಿಗೆಲ್ಲ ಒಂದು ಸಾಲು, ವಯಸ್ಸುಗಳಿಗೆಲ್ಲ ಇನ್ನೊಂದು ಸಾಲು, ತೂಕಕ್ಕೆ ಒಂದು, ಬಿಪಿಗೆ ಒಂದು. ಇವನ್ನು ಅರೇ ಎನ್ನುತ್ತೇವೆ. ಹೆಸರಿನ ಸಾಲಿನಲ್ಲಿ ಐದನೆಯದಾಗಿ ಕೂತವರ ವಯಸ್ಸು ವಯಸ್ಸಿನ ಸಾಲಿನಲ್ಲೂ ಐದನೆಯದಾಗಿಯೇ ಇರಬೇಕು, ತೂಕವೂ ಹಾಗೆಯೇ. ಒಬ್ಬ ಮನುಷ್ಯ ನಾಲ್ಕು ಸಾಲುಗಳಲ್ಲಿ ಹಂಚಿಹೋಗಿರುತ್ತಾನೆ, ಆ ಚೂರುಗಳನ್ನು ಹಿಡಿದಿಡುವುದು ಅವನ ಸ್ಥಾನ ಮಾತ್ರ. ರಿಪೋರ್ಟು ಹಂಚುವಾಗ ನೂಕುನುಗ್ಗಲು ಆಗಬಾರದೆಂದು ಸಂಘದವರು ಹೆಸರಿನ ಅಕ್ಷರದ ಪ್ರಕಾರ ಜೋಡಿಸಿಕೊಡಿ ಎಂದಿದ್ದರು. ಹಾಗಾಗಿ ಸರ್, ಹೆಸರನ್ನು ಜಾಗ ಬದಲಿಸಿದಾಗಲೆಲ್ಲ ವಯಸ್ಸು, ತೂಕ, ಬಿಪಿಯನ್ನೂ ಜೊತೆಗೆ ಬದಲಿಸುವಂತೆ ಒಂದೊಂದಕ್ಕೂ ಬೇರೆ ಬೇರೆ ಆಜ್ಞೆ ಬರೆದರು. ಎಲ್ಲ ಸರಿಯಾಗಿತ್ತು.

ಕ್ಯಾಂಪಿನ ಹಿಂದಿನ ದಿನ ಔಷಧಿ ಅಂಗಡಿಯವರೊಬ್ಬರು ಶುಗರ್ ನೋಡುವ ಮಿಷನ್ನು, ಸ್ಟ್ರಿಪ್ಪುಗಳನ್ನು ಕೊಡುತ್ತೇವೆ ಎಂದರು. ಬೆರಳಿಗೆ ಚುಚ್ಚಿ ಅಲ್ಲೇ ಹೇಳುವ ಮಿಷನ್ನು ಆಗ ನಮಗೆ ಹೊಸದು. ಸರ್ ಖುಷಿಯಿಂದ ಪ್ರೋಗ್ರಾಮಿಗೆ ಶುಗರಿನದೊಂದು ಸಾಲು ಸೇರಿಸಿದರು, ರಿಪೋರ್ಟಿನ ಕೊನೆಗೆ ಅದೂ ಪ್ರಿಂಟಾಗುವಂತೆ ಮಾಡಿದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಹೊರಗೆ ದುರ್ಗಿಗುಡಿಯ ಬೀದಿಯಲ್ಲಿ ಮದುವೆಯ ವಾದ್ಯ ಹೋಗುತ್ತಿತ್ತು, ಇಬ್ಬರೂ ಕಿಟಕಿಗೆ ಹೋಗಿ ಮದುಮಗನನ್ನು ನೋಡಿದೆವು.

ಭಾನುವಾರ ಕಲ್ಯಾಣ ಮಂಟಪದ ಮುಂದೆ ಬೆಳಗ್ಗೆಯೇ ಜನ. ಹೆಂಗಸರು ಮೊದಲು, ಗಂಡಸರು ಆಮೇಲೆ ಎಂದು ಸಂಘದವರು ಕೂಗಿದರು. ನಮ್ಮ ಪಕ್ಕದ ಮನೆಯ ಸೆಲ್ವಿ ಅತ್ತೆ ಅಮ್ಮನನ್ನು ಎಳೆದುಕೊಂಡು ಬಂದಿದ್ದರು. ಅತ್ತೆ ಅಂದರೆ ಸಂಬಂಧವಲ್ಲ, ಹುಟ್ಟಿದಾಗಿನಿಂದ ಕರೆದ ರೂಢಿ. ಅವರ ಮಾವ ಸೇಲಂ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು, ಗಂಡನೂ ಅಲ್ಲೇ ಕೆಲಸ. ಬೀದಿಯಲ್ಲಿ ಯಾರ ಮನೆಯ ಹಸು ಎಷ್ಟು ಹಾಲು ಕೊಡುತ್ತದೆ ಎಂಬುದೂ ಅತ್ತೆಗೆ ಗೊತ್ತು. ಅಮ್ಮ ಸೂಜಿ ನೋಡಿ ಹಿಂದೆ ಸರಿದಾಗ, "ಏನಕ್ಕಾ ಇದು, ಇರುವೆ ಕಚ್ಚಿದಂಗೆ. ನಾನಿದ್ದೀನಿ ಕೈ ಕೊಡಿ" ಎಂದು ಅಮ್ಮನ ಬೆರಳನ್ನು ತಾವೇ ಹಿಡಿದು ಕಾಂಪೌಂಡರ್ ಮುಂದೆ ಚಾಚಿದರು. ಸ್ಪಿರಿಟ್ಟಿನ ವಾಸನೆ ಮಂಟಪದ ತುಂಬ ಹರಡಿತ್ತು.

ಕ್ಯಾಂಪಿನಲ್ಲಿ ಬರೆದುಕೊಂಡ ಹಾಳೆಗಳನ್ನು ನಾನೇ, ಜನ ನಿಂತಿದ್ದ ಸಾಲಿನ ಕ್ರಮದಲ್ಲೇ, ಟೈಪು ಮಾಡಿದೆ. ಸರ್ ಪ್ರೋಗ್ರಾಮ್ ಓಡಿಸಿದರು, ಪ್ರಿಂಟರು ಕರ್ರೋ ಎಂದು ಕಾಗದ ಉಗುಳಿತು. "ಇನ್ನು ಕಾಗದದ ಕಾಲ ಮುಗೀತು, ಎಲ್ಲಾ ಈ ಫ್ಲಾಪಿ ಒಳಗಿದೆ" ಎಂದು ಹೇಳಿ ಆ ಕೈಬರಹದ ಹಾಳೆಗಳನ್ನೆಲ್ಲ ಮನೆಗೆ ಒಯ್ದರು. ಬಚ್ಚಲ ಒಲೆಗೆ ಬೆಂಕಿ ಹೊತ್ತಿಸಲು ಚೆನ್ನಾಗಿ ಆಯಿತಂತೆ.

ಮುಂದಿನ ಭಾನುವಾರ ಅದೇ ಮಂಟಪದಲ್ಲಿ ರಿಪೋರ್ಟು ಹಂಚಿದರು. ಸರ್‌ಗೆ ಶಾಲು ಹೊದಿಸಿದರು. ಅಮ್ಮನ ರಿಪೋರ್ಟನ್ನು ನಾನೇ ಇಸಿದುಕೊಂಡು ಬಂದೆ. ಗಿರಿಜಮ್ಮ, ವಯಸ್ಸು ಸರಿ, ತೂಕ ಸರಿ, ಬಿಪಿ ಸರಿ. ಶುಗರ್ ನಾನೂರ ಹನ್ನೆರಡು.

ಅದನ್ನು ಅಮ್ಮನಿಂದ ಬಚ್ಚಿಡಬೇಕೆಂದುಕೊಂಡೆ. ಆದರೆ ನನ್ನ ಮುಖ ಯಾವುದನ್ನೂ ಬಚ್ಚಿಡುವ ಮುಖವಲ್ಲ. ಅಮ್ಮ ಕಾಗದ ಕಿತ್ತುಕೊಂಡು ನೋಡಿದರು, ಹಾಗೇ ಜಗಲಿಯ ಮೇಲೆ ಕೂತರು. ನಮ್ಮ ಚಿಕ್ಕಮ್ಮ, ಅಮ್ಮನ ಒಬ್ಬಳೇ ತಂಗಿ, ಸಕ್ಕರೆ ಕಾಯಿಲೆಯಿಂದಲೇ ಹೋದವಳು. ಮೊದಲು ಕಾಲು ತೆಗೆದರು, ಆಮೇಲೆ ಕಣ್ಣು ಮಂಜಾಯಿತು, ಕೊನೆಗೆ ಅವಳೇ ಇಲ್ಲವಾದಳು. ಅಮ್ಮ ಅದನ್ನೆಲ್ಲ ಆಸ್ಪತ್ರೆಯಲ್ಲಿ ಪಕ್ಕದಲ್ಲಿದ್ದು ನೋಡಿದ್ದರು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು.

ಡಾಕ್ಟರ ಹತ್ತಿರ ಹೋಗೋಣ ಎಂದು ಅಪ್ಪ ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. "ಹಬ್ಬ ಕಳೀಲಿ. ಹಬ್ಬದ ಮುಂದೆ ಆಸ್ಪತ್ರೆ ಮೆಟ್ಟಿಲು ಬೇಡ" ಎಂದರು. ನಿಜ ಏನೆಂದರೆ ಡಾಕ್ಟರು ಆ ಮಾತನ್ನು ಬಾಯಿಬಿಟ್ಟು ಹೇಳಿಬಿಟ್ಟರೆ ಎಂಬ ಭಯ. ಹೇಳುವ ತನಕ ಇಲ್ಲ ಅಂದುಕೊಂಡಿರಬಹುದಲ್ಲ. ನನಗೂ ಅದೇ ಭಯ, ಹಾಗಾಗಿ ನಾನೂ ಒತ್ತಾಯ ಮಾಡಲಿಲ್ಲ. ಬೆಳಗ್ಗೆ ಎದ್ದು ಅಮ್ಮನ ಉಸಿರು ಕೇಳಿದ ಮೇಲೆಯೇ ಹಲ್ಲುಜ್ಜಲು ಹೋಗುತ್ತಿದ್ದೆ. ಬಸ್ಸಿನಲ್ಲಿ ಶಿವಮೊಗ್ಗ ಮುಟ್ಟುವ ತನಕ ಕಿಟಕಿಯಾಚೆ ಏನು ಹೋಗುತ್ತಿದೆ ಎಂಬುದೂ ಕಾಣುತ್ತಿರಲಿಲ್ಲ.

ಅಮ್ಮ ತನ್ನ ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹಾಕಿ, ಯಾವುದು ಯಾರಿಗೆ ಎಂದು ನನಗೆ ತೋರಿಸತೊಡಗಿದರು. ಹುಳಿಪುಡಿಯ ಅಳತೆಯನ್ನು ಬಾಯಿಪಾಠ ಮಾಡಿಸಿದರು. ಕಾಫಿಗೆ ಸಕ್ಕರೆ ಬಿಟ್ಟರು, ಅನ್ನ ಅರ್ಧ ಮಾಡಿದರು. ಮೆಟ್ಟು ಹಾಕದೆ ಹಿತ್ತಿಲಿಗೂ ಹೋಗುತ್ತಿರಲಿಲ್ಲ. ದಿನಾ ಸಂಜೆ ಪಾದವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಗಾಂಧಿ ಬಜಾರಿನಿಂದ ಹಬ್ಬಕ್ಕೆಂದು ತಂದ ಅಚ್ಚು ಬೆಲ್ಲದ ಗಂಟನ್ನು ಬಿಚ್ಚದೆ ಹಾಗೇ ಮೇಲಿನ ಗೂಡಿನಲ್ಲಿಟ್ಟರು.

ಧೈರ್ಯ ಹೇಳುತ್ತಿದ್ದವರು ಸೆಲ್ವಿ ಅತ್ತೆ ಒಬ್ಬರೇ. ದಿನಕ್ಕೆ ನಾಲ್ಕು ಸಲ ಬರುತ್ತಿದ್ದರು. ಬಂದವರು ಮೊದಲು, "ಕಣ್ಣು, ಒಂದು ಚೊಂಬು ನೀರು ಕೊಡು, ಏನ್ ಬಿಸಿಲಪ್ಪಾ" ಎಂದು ನನ್ನನ್ನು ತಮಿಳಿನಲ್ಲಿ ಮುದ್ದಾಗಿ ಕರೆದು ಕೇಳಿ, ಗಟಗಟ ಕುಡಿದು, ಆಮೇಲೆ ಅಮ್ಮನ ಎದುರು ಕೂರುತ್ತಿದ್ದರು. "ನಂದು ನೋಡಿ, ತೊಂಬತ್ತಾರು. ನನ್ನಂಗೆ ಕೆಲಸ ಮಾಡಬೇಕು ಗಿರಿಜಕ್ಕಾ, ಕರಗಿಹೋಗುತ್ತೆ." ಹೊಸ ಚಪ್ಪಲಿ ಕಚ್ಚಿ ಅವರ ಬಲಗಾಲಿನ ಬೆರಳ ಹತ್ತಿರ ಗಾಯವಾಗಿತ್ತು, ಅರಿಶಿನ ಮೆತ್ತಿಕೊಂಡು ಬರಿಗಾಲಲ್ಲೇ ಓಡಾಡುತ್ತಿದ್ದರು. ಅಮ್ಮ ತನ್ನ ಕಾಲನ್ನು ನೋಡಿಕೊಳ್ಳುವಾಗ ಅತ್ತೆಯ ಅರಿಶಿನದ ಕಾಲು ಪಕ್ಕದಲ್ಲೇ ಇರುತ್ತಿತ್ತು.

ಯುಗಾದಿ ಬಂತು. ಎಣ್ಣೆನೀರು ಹಾಕಿಕೊಂಡು, ದೇವರ ಮುಂದೆ ಬೇವುಬೆಲ್ಲ ಇಟ್ಟು, ಅಪ್ಪ ಎಲ್ಲರ ಕೈಗೂ ಹಾಕಿದರು. ಅಮ್ಮ ಅದರಲ್ಲಿ ಬೆಲ್ಲದ ಚೂರನ್ನು ಆರಿಸಿ ತಟ್ಟೆಗೆ ವಾಪಸ್ ಹಾಕಿ, ಬರೀ ಬೇವಿನ ಹೂವನ್ನು ಬಾಯಿಗೆ ಹಾಕಿಕೊಂಡರು.

"ಈ ವರ್ಷ ನನ್ನ ಪಾಲಿಗೆ ಇಷ್ಟೇ" ಎಂದರು.

ಅಪ್ಪ ಆ ಕಡೆ ತಿರುಗಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ. ಆದರೂ ಅಮ್ಮ ಹೋಳಿಗೆ ಮಾಡುವುದನ್ನು ಬಿಡಲಿಲ್ಲ. ತಾನು ತಿನ್ನುವುದಿಲ್ಲವೆಂದೋ ಏನೋ, ಯಾವತ್ತಿಗಿಂತ ಹೆಚ್ಚೇ ಮಾಡಿದರು. ತನ್ನ ಪಾಲಿನದನ್ನೆಲ್ಲ ತುಪ್ಪ ಸುರಿದು ಸೆಲ್ವಿ ಅತ್ತೆಗೆ ಬಡಿಸಿದರು. "ತಿನ್ನು ಸೆಲ್ವಿ, ನಿನಗೆ ಆ ಭಾಗ್ಯ ಇದೆ. ನೀನು ತಿಂದ್ರೆ ನಾನು ತಿಂದಂಗೆ." ಅತ್ತೆ ಬೇಡಬೇಡವೆನ್ನುತ್ತಲೇ ತಿಂದರು. ಮಿಕ್ಕಿದ ಹೂರಣವನ್ನೂ ಅಮ್ಮ ಡಬ್ಬಿಗೆ ಹಾಕಿ ಕೊಟ್ಟು ಕಳಿಸಿದರು. ಮನೆಯಲ್ಲಿ ಸಿಹಿ ಇದ್ದರೆ ಮನಸ್ಸು ಜಾರುತ್ತದೆ ಎಂದು ಉಳಿದ ಬೆಲ್ಲವೂ ಅತ್ತೆಯ ಮನೆ ಸೇರಿತು.

ಹಬ್ಬ ಕಳೆದ ಮೇಲೆ ಅಪ್ಪ ಅಮ್ಮನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಶಿವಮೊಗ್ಗದ ಲ್ಯಾಬಿಗೆ ಕರೆದೊಯ್ದರು. ತೋಳಿನಿಂದ ರಕ್ತ ತೆಗೆದರು. ಊಟಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ. ಸಂಜೆ ಫಲಿತಾಂಶ ಬಂತು. ಎರಡೂ ಸರಿಯಾಗಿತ್ತು. ಡಾಕ್ಟರು ನಕ್ಕರು. "ಏನಮ್ಮಾ ಇದು, ನಿಮಗೆ ಶುಗರ್ ಎಲ್ಲಿದೆ? ಆ ಮಿಷನ್ನೇ ಸರಿ ಇರಲಿಕ್ಕಿಲ್ಲ, ಆರಾಮಾಗಿ ಹೋಗಿ" ಎಂದರು.

ಅಮ್ಮ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಎಲ್ಲರೆದುರು ಅತ್ತುಬಿಟ್ಟರು, ಆಮೇಲೆ ಸಕ್ಕರೆ ಹಾಕಿದ ಕಾಫಿ ಕುಡಿದರು. ಮನೆಗೆ ಬಂದರೆ ಸೆಲ್ವಿ ಅತ್ತೆ ಬಾಗಿಲಲ್ಲೇ ದೃಷ್ಟಿ ತೆಗೆದು ಒಳಗೆ ಕರೆದರು. ನಮ್ಮ ಮನೆಗೆ ಹೋದ ಜೀವ ಬಂದ ಹಾಗಾಗಿತ್ತು. ಒಂದೇ ಒಂದು ದಿನ.

ಮಾರನೆಯ ದಿನ ಕ್ಲಾಸಿನಲ್ಲಿ ಹೊಸ ಅಧ್ಯಾಯ, ಸ್ಟ್ರಕ್ಚರ್. ಸರ್ ಅದನ್ನು ಎಂದೂ ಹೆಚ್ಚು ಹಚ್ಚಿಕೊಂಡವರಲ್ಲ. ಬೇರೆ ಕಂಪ್ಯೂಟರ್ ಭಾಷೆಗಳಲ್ಲಿ ಪಳಗಿದ ಕೈ, ಅರೇಗಳಲ್ಲೇ ಎಲ್ಲ ಮುಗಿಸುತ್ತಿದ್ದರು. ಆದರೂ ಪಾಠ ಹೇಳುವುದು ಬರುತ್ತಿತ್ತು. ಕಾರ್ಖಾನೆಯವರು ಒಯ್ಯುತ್ತಾರಲ್ಲ, ಮೂರು ಅಂತಸ್ತಿನ ಊಟದ ಕ್ಯಾರಿಯರ್, ಅಂಥದ್ದೊಂದನ್ನು ಮೇಜಿನ ಮೇಲಿಟ್ಟರು. ಅದು ಅವರದೇ ಮಧ್ಯಾಹ್ನದ ಊಟ.

"ನೋಡ್ರಮ್ಮಾ. ಅನ್ನ ಬೇರೆ, ಸಾರು ಬೇರೆ, ಪಲ್ಯ ಬೇರೆ. ಬಿಡಿ ಡಬ್ಬಿ ತಂದ್ರೆ ಒಂದಲ್ಲ ಒಂದು ಬಸ್ಸಲ್ಲೇ ಮರೀತೀರಿ. ಕ್ಯಾರಿಯರ್ ಆದ್ರೆ? ಹಿಡಿಕೆ ಒಂದು ಎತ್ತಿ, ಎಲ್ಲಾ ಒಟ್ಟಿಗೆ ಬರುತ್ತೆ. ಸ್ಟ್ರಕ್ಚರ್ ಅಂದ್ರೆ ಇಷ್ಟೇ. ಒಬ್ಬ ಮನುಷ್ಯನ ಹೆಸರು, ವಯಸ್ಸು, ತೂಕ ಎಲ್ಲಾ ಒಂದೇ ಹಿಡಿಕೆಗೆ. ಅವನ ಜಾಗ ಬದಲಿಸಿದ್ರೆ ಅವನದು ಎಲ್ಲಾ ಜೊತೆಗೇ ಹೋಗುತ್ತೆ, ಯಾವುದೂ ಹಿಂದೆ ಉಳಿಯಲ್ಲ."

ಹಿಂದೆ ಉಳಿಯುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಶುಗರಿನ ಸಾಲನ್ನು ಸರ್ ಸೇರಿಸಿದ ಮಧ್ಯಾಹ್ನ ನೆನಪಾಯಿತು, ಮದುವೆಯ ವಾದ್ಯ ನೆನಪಾಯಿತು. ಅಕ್ಷರದ ಪ್ರಕಾರ ಜೋಡಿಸುವ ಭಾಗಕ್ಕೆ ಅವರು ಮತ್ತೆ ಹೋಗಿದ್ದು ನೆನಪಿಗೆ ಬರಲಿಲ್ಲ. ಉಳಿದವರು ಊಟಕ್ಕೆ ಹೋದ ಮೇಲೆ ಫ್ಲಾಪಿ ಹಾಕಿ ಪ್ರೋಗ್ರಾಮ್ ತೆರೆದೆ. ಹೆಸರು ಜಾಗ ಬದಲಿಸುತ್ತದೆ, ವಯಸ್ಸು ಬದಲಿಸುತ್ತದೆ, ತೂಕ ಬದಲಿಸುತ್ತದೆ, ಬಿಪಿ ಬದಲಿಸುತ್ತದೆ. ಶುಗರ್ ಕೂತಲ್ಲೇ ಕೂತಿದೆ. ಜನರೆಲ್ಲ ಎದ್ದು ಅಕ್ಷರದ ಪ್ರಕಾರ ಬೇರೆ ಬೇರೆ ಕಡೆ ಹೋಗಿ ಕೂತಿದ್ದಾರೆ, ಅವರವರ ಸಕ್ಕರೆ ಮಾತ್ರ ಮಂಟಪದ ಸಾಲಿನಲ್ಲಿ ಅವರು ನಿಂತಿದ್ದ ಜಾಗದಲ್ಲೇ ಉಳಿದಿದೆ.

ಮಿಷನ್ನು ಸರಿಯಾಗಿಯೇ ಇತ್ತು. ಆ ನಾನೂರ ಹನ್ನೆರಡು ಸುಳ್ಳಲ್ಲ, ಅದು ಅಮ್ಮನದಲ್ಲ ಅಷ್ಟೇ. ನಮ್ಮ ಬೀದಿಯಲ್ಲೇ ಯಾರೋ ಒಬ್ಬರು ಅದನ್ನು ಮೈಯಲ್ಲಿಟ್ಟುಕೊಂಡು, ನಾರ್ಮಲ್ ಎಂಬ ಕಾಗದವನ್ನು ನಂಬಿ, ಹಬ್ಬದೂಟ ಉಂಡು ಓಡಾಡುತ್ತಿದ್ದರು. ಅಮ್ಮನಿಗಾಗಿ ಪಟ್ಟ ಭಯಕ್ಕೆ ಒಂದು ಮುಖವಾದರೂ ಇತ್ತು. ಇದಕ್ಕೆ ಮುಖವೇ ಇರಲಿಲ್ಲ.

ಸರ್‌ಗೆ ತೋರಿಸಿದೆ. ಅವರು ಮೊದಲು ಕನ್ನಡಕ ಹಾಕಿಕೊಂಡು ನೋಡಿದರು, ಆಮೇಲೆ ತೆಗೆದು ನೋಡಿದರು. "ನೀನೇ ಟೈಪಿಂಗಲ್ಲಿ ಏನಾದ್ರೂ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು.

"ಟೈಪು ಮಾಡಿದ ಕ್ರಮ ಫ್ಲಾಪಿಯಲ್ಲಿ ಬೇರೆ ಇದೆಯಾ ಸರ್?"

"ಇಲ್ಲ ಮಾರಾಯ್ತಿ. ಜೋಡಿಸಿದ ಮೇಲೆ ಅದರ ಮೇಲೇ ಬರೆದುಬಿಟ್ಟೆ."

"ಹಾಳೆಗಳು?"

ಹಾಳೆಗಳು ಬಚ್ಚಲ ಒಲೆಯಲ್ಲಿ ಬೂದಿಯಾಗಿ, ಆ ಬೂದಿಯಲ್ಲಿ ಪಾತ್ರೆಯನ್ನೂ ಬೆಳಗಿ ಆಗಿತ್ತು. ಸಂಘದವರಿಗೆ ಫೋನು ಮಾಡಿದರೆ, ಸ್ಟ್ರಿಪ್ಪು ಮುಗಿದಿದೆ, ಬೆಂಗಳೂರಿಂದ ತರಿಸಬೇಕು, ಬರುವ ಭಾನುವಾರ ಎಲ್ಲರನ್ನೂ ಮತ್ತೆ ಕರೆಸೋಣ ಎಂದರು. ಭಾನುವಾರ ಬಹಳ ದೂರವಿತ್ತು. ಚಿಕ್ಕಮ್ಮನ ಕಾಲು ಕಪ್ಪಾಗಲು ಎಷ್ಟು ಕಡಿಮೆ ದಿನ ಸಾಕಾಗಿತ್ತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಂದೇ ಭದ್ರಾವತಿಗೆ ಹೊರಟ ಬಸ್ಸಿನಲ್ಲಿ ಸರ್ ನನ್ನ ಪಕ್ಕದಲ್ಲೇ ಕೂತು ಬಂದರು. ದಾರಿಯುದ್ದಕ್ಕೂ ಒಂದೂ ಜಂಭದ ಮಾತಿಲ್ಲ. ಅವರ ಬ್ಯಾಗಿನಲ್ಲಿ ಶುಗರುಗಳನ್ನು ಮಾತ್ರ ಸಾಲಾಗಿ ಪ್ರಿಂಟು ಮಾಡಿದ ಕಾಗದವಿತ್ತು. ಇನ್ನೂ ಕೆಲವು ಹೆಚ್ಚಿನ ಸಂಖ್ಯೆಗಳಿದ್ದವು, ಆದರೆ ಇಷ್ಟು ಭಯಂಕರವಾದದ್ದು ಇದೊಂದೇ. ಅದು ಇಪ್ಪತ್ಮೂರನೆಯದು. ಅಂದು ಸಾಲಿನಲ್ಲಿ ಇಪ್ಪತ್ಮೂರನೆಯವರಾಗಿ ನಿಂತವರು ಯಾರು ಎಂಬುದು ಗೊತ್ತಾದರೆ ಸಾಕಿತ್ತು.

ಸಂಜೆಯ ಬಿಸಿಲು ಇನ್ನೂ ಜಗಲಿಯ ಮೇಲಿತ್ತು. ಅಮ್ಮನಿಗೆ ಒಳಗೆ ಕರೆದು ನಿಜ ಹೇಳಿದೆ. ಅಮ್ಮ ಒಂದು ಕ್ಷಣ ಕಣ್ಣು ಮುಚ್ಚಿದರು, "ಪಾಪ, ಯಾರ ಮನೆ ಮಗಳೋ" ಎಂದರು. ಆಮೇಲೆ, "ಸಾಲು ನೆನಪಿರೋದು ಅಂದ್ರೆ ಸೆಲ್ವಿಗೆ. ಕರಿ ಅವಳನ್ನ. ಯಾಕೆ ಅಂತ ಮಾತ್ರ ಹೇಳಬೇಡ, ಊರೆಲ್ಲ ಗಾಬರಿ ಆಗುತ್ತೆ" ಎಂದರು.

ಸೆಲ್ವಿ ಅತ್ತೆ ಕಾಲನ್ನು ಸ್ವಲ್ಪ ಎಳೆಯುತ್ತಾ ಬಂದರು. ನೀರು ಕೇಳಿದರು, ಕುಡಿದರು, ಕಂಬಕ್ಕೆ ಒರಗಿ ಕೂತರು. ರಿಪೋರ್ಟಿನಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ, ಅಂದು ಯಾರ ಹಿಂದೆ ಯಾರಿದ್ದರು ಎಂಬುದು ಗೊತ್ತಾಗಬೇಕಿದೆ ಎಂದೆ. ಅವರಿಗೆ ಹುರುಪು ಬಂತು.

"ಓ, ಅದೇನು ಕಷ್ಟ? ಮೊದಲು ಅರ್ಚಕರ ಮನೆ ಶಾರದಮ್ಮ. ಬೆಳಗ್ಗೆ ಆರಕ್ಕೇ ಬಂದು ಬಾಗಿಲಿಗೆ ಅಂಟ್ಕೊಂಡಿದ್ರು. ಅವರ ಹಿಂದೆ ಅವರ ಸೊಸೆ, ಹಸಿರು ಸೀರೆ. ಆಮೇಲೆ ಹಿಟ್ಟಿನ ಗಿರಣಿಯವಳು..."

ಅಮ್ಮ ಮೊರದಲ್ಲಿದ್ದ ಅವರೆಕಾಳನ್ನು ಒಂದೊಂದೇ ತೆಗೆದು ಜಗಲಿಯ ಮೇಲೆ ಸಾಲಾಗಿ ಇಡುತ್ತಾ ಹೋದರು, ಒಂದು ಹೆಸರಿಗೆ ಒಂದು ಕಾಳು. ನಡುವೆ ಯಾರೋ ಇಬ್ಬರು ಜಗಳವಾಡಿ ಹಿಂದುಮುಂದಾದದ್ದು, ಗಿರಣಿಯವಳು ಮೂಗುತಿ ಬಿತ್ತೆಂದು ಸಾಲು ಬಿಟ್ಟು ಹೋಗಿ ಮತ್ತೆ ಅಲ್ಲೇ ಬಂದು ಸೇರಿಕೊಂಡದ್ದು, ಅತ್ತೆಗೆ ಎಲ್ಲವೂ ನೆನಪಿತ್ತು. ಬೇರೆ ಹೊತ್ತಾಗಿದ್ದರೆ ನಾವು ನಗುತ್ತಿದ್ದೆವು. ಸರ್ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಜರುಗಿಸುತ್ತಿದ್ದರು. ಕಾಳಿನ ಸಾಲು ಉದ್ದವಾಗುತ್ತಾ ಹೋಯಿತು. ಒಂದೊಂದು ಹೆಸರೂ ನನ್ನನ್ನು ಎತ್ತಿ ಆಡಿಸಿದವರದು.

"...ಆಮೇಲೆ ಗಿರಿಜಕ್ಕ, ಸೂಜಿ ನೋಡಿ ಓಡೋಕೆ ನಿಂತಿದ್ರು. ಆಮೇಲೆ ಟೈಲರ್ ಮನೆ ಗೌರಿ..."

ಸರ್ ಬೆರಳು ನಿಂತಿತು. ಗೌರಿಯ ಕಾಳು ಇಪ್ಪತ್ಮೂರನೆಯದು. ಗೌರಿ ಚಿಕ್ಕ ವಯಸ್ಸಿನವಳು, ಬಸುರಿ ಬೇರೆ. ನಾನು ಎದ್ದೆ, ಚಪ್ಪಲಿ ಮೆಟ್ಟಲೂ ಹೊಳೆಯದೆ ಬೀದಿಗೆ ಇಳಿದೆ.

"ವಿಶಾಲು, ನಿಲ್ಲು" ಎಂದರು ಅಮ್ಮ. ದನಿ ಎಂದಿನಂತಿರಲಿಲ್ಲ. "ಸೆಲ್ವಿ, ನನ್ನ ಕೈ ಹಿಡಿದಿದ್ದು ಯಾರು?"

"ನಾನೇ, ಇನ್ಯಾರು?"

"ಹಂಗಾದ್ರೆ ನೀನೆಲ್ಲಿ ನಿಂತಿದ್ದೆ?"

"ನಾನಾ?" ಅತ್ತೆ ನಕ್ಕರು. "ನಾನು ನಿಮ್ಮ ಹಿಂದೇನೇ. ನನ್ನೇ ನಾನು ಎಣಿಸೇ ಇಲ್ಲ ನೋಡಿ!"

ಅಮ್ಮ ಗೌರಿಯ ಕಾಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಮೊರದಿಂದ ಇನ್ನೊಂದು ಕಾಳು ತೆಗೆದು ತನ್ನ ಕಾಳಿನ ಪಕ್ಕದಲ್ಲಿಟ್ಟರು. ಅದನ್ನಿಟ್ಟ ಕೈ ಮತ್ತೆ ಮೇಲೇಳಲಿಲ್ಲ.

ನಾನು ಅತ್ತೆಯ ಬಲಗಾಲನ್ನು ನೋಡಿದೆ. ಅಷ್ಟು ದಿನ ಕಣ್ಣೆದುರೇ ಇದ್ದದ್ದನ್ನು ಆಗ ಮೊದಲ ಸಲ ನೋಡಿದೆ. ಅರಿಶಿನದ ಅಂಚಿನಲ್ಲಿ ಚರ್ಮ ಕಪ್ಪಿಟ್ಟಿತ್ತು, ಪಾದ ಊದಿಕೊಂಡಿತ್ತು.

"ಏನಾಯ್ತು, ಯಾಕೆ ಎಲ್ಲಾ ಹಂಗೆ ನೋಡ್ತೀರಾ?" ಎಂದರು ಅತ್ತೆ. "ಕಣ್ಣು, ಇನ್ನೊಂದು ಚೊಂಬು ನೀರು ಕೊಡು."

ನಾನು ಒಳಗೆ ಓಡಿದೆ, ಕೊಡದಿಂದ ನೀರು ಬಗ್ಗಿಸುವಾಗ ಅರ್ಧ ನೆಲಕ್ಕೆ ಚೆಲ್ಲಿತು. ಹೊರಗೆ ಅಮ್ಮ ಅತ್ತೆಯ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಿದ್ದರು. ಅರ್ಧ ಗಂಟೆಯೊಳಗೆ ಅಪ್ಪ ಟ್ಯಾಕ್ಸಿ ತಂದರು. ಶಿವಮೊಗ್ಗದ ಆಸ್ಪತ್ರೆಗೆ ಅತ್ತೆಯ ಗಂಡನೂ ಅಮ್ಮನೂ ಹೋದರು, ಸರ್ ಮುಂದಿನ ಸೀಟಿನಲ್ಲಿ ಕೂತರು. ಅಲ್ಲಿ ನೋಡಿದಾಗ ಸಕ್ಕರೆ ಆ ಕಾಗದದಲ್ಲಿದ್ದುದಕ್ಕಿಂತಲೂ ಮೇಲೇರಿತ್ತಂತೆ. ಹಬ್ಬವಾಗಿತ್ತಲ್ಲ.

ಅತ್ತೆಯ ಕಾಲು ಉಳಿಯಿತು. ಎರಡು ಬೆರಳು ಹೋದವು. ಇನ್ನು ಕೆಲವೇ ದಿನ ತಡವಾಗಿದ್ದರೆ ಕಾಲಲ್ಲ, ಜೀವವೇ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅಪ್ಪ ನನಗೆ ಮಾತ್ರ ಹೇಳಿದರು. ಭಾನುವಾರ ಸರ್ ಮಂಟಪದಲ್ಲಿ ಎಲ್ಲರ ಮುಂದೆ ಕೈಮುಗಿದು, "ತಪ್ಪು ಮಿಷನ್ನಿಂದಲ್ಲ, ನನ್ನದು" ಎಂದು ಹೇಳಿ ಮತ್ತೆ ತಪಾಸಣೆ ಮಾಡಿಸಿದರು. ಕೊಟ್ಟ ಶಾಲನ್ನು ಯಾರೂ ವಾಪಸ್ ಕೇಳಲಿಲ್ಲ, ಅವರೂ ಅದನ್ನು ಮತ್ತೆ ಹೊದ್ದುಕೊಂಡದ್ದನ್ನು ನಾನು ನೋಡಲಿಲ್ಲ. ಅಂದಿನಿಂದ ಹೊಸ ಬ್ಯಾಚು ಬಂದರೆ ಮೊದಲ ವಾರವೇ ಊಟದ ಕ್ಯಾರಿಯರ್ ಮೇಜಿನ ಮೇಲೆ ಬರುತ್ತಿತ್ತು. ಈಗ ಕಾಲೇಜಿನಲ್ಲಿ ಪಾಠ ಹೇಳುವ ನಾನೂ ಅದನ್ನೇ ಮಾಡುತ್ತೇನೆ. ಹುಡುಗರು ನಗುತ್ತಾರೆ, ನಗಲಿ.

ಆಸ್ಪತ್ರೆಯಲ್ಲಿ ಅಮ್ಮ ಅತ್ತೆಯ ಮಂಚದ ಪಕ್ಕ ಕೂತು ಅತ್ತದ್ದೇ ಅತ್ತದ್ದು. "ಆ ಹೋಳಿಗೆ ನಾನೇ ತಿನ್ನಿಸಿದೆ ಸೆಲ್ವಿ. ಬಲವಂತ ಮಾಡಿ ತಿನ್ನಿಸಿದೆ. ಬೆಲ್ಲ ಎಲ್ಲಾ ನಿಮ್ಮನೆಗೇ ಸುರಿದೆ."

ಅತ್ತೆ ಮಲಗಿದಲ್ಲಿಂದಲೇ ನಕ್ಕರು. "ಬಿಡಿ ಗಿರಿಜಕ್ಕಾ. ನನ್ನ ಶುಗರ್ ನೀವು ಅಷ್ಟು ದಿನ ಹೊತ್ಕೊಂಡು ನಿದ್ದೆ ಬಿಟ್ರಿ. ನಾನು ನಿಮ್ಮ ಹೋಳಿಗೆ ತಿಂದು ಗೊರಕೆ ಹೊಡೆದೆ. ಲಾಭ ಯಾರ್ಗೆ ಹೇಳಿ?"

ಅಮ್ಮ ನಗಲಿಲ್ಲ.

ಮೊನ್ನೆ ಯುಗಾದಿಯಂದು ಇಬ್ಬರೂ ಅದೇ ಜಗಲಿಯ ಮೇಲೆ ಎದುರುಬದುರು ಕೂತಿದ್ದರು, ಇಬ್ಬರ ತಲೆಯೂ ಪೂರಾ ಬೆಳ್ಳಗಾಗಿದೆ. ನಾನು ಬೇವುಬೆಲ್ಲದ ತಟ್ಟೆ ಹಿಡಿದೆ. ಸೆಲ್ವಿ ಅತ್ತೆ ಬೇವಿನ ಹೂವನ್ನಷ್ಟೇ ಆರಿಸಿಕೊಂಡರು. ಅಮ್ಮನೂ ಬೆಲ್ಲವನ್ನು ಪಕ್ಕಕ್ಕೆ ಸರಿಸಿ ಬೇವನ್ನೇ ತೆಗೆದುಕೊಂಡರು, ಅಂದಿನಿಂದ ಪ್ರತಿ ವರ್ಷ ಮಾಡುವ ಹಾಗೆ.

"ಅಮ್ಮಾ, ನಿನಗೆ ಇವತ್ತಿಗೂ ಶುಗರ್ ಇಲ್ಲ. ಒಂದು ಚೂರು ಬೆಲ್ಲ ತಗೋ" ಎಂದೆ.

ಅಮ್ಮ ಅತ್ತೆಯ ಬಲಗಾಲಿನ ಕಡೆ ನೋಡಿದರು, ಬೇವನ್ನು ನಿಧಾನವಾಗಿ ಅಗಿದರು.

"ಅವಳು ಕಹಿ ತಿಂತಾ ಕೂತಿರೋವಾಗ ನಾನು ಎದುರಿಗೆ ಕೂ‌ತು ಸಿಹಿ ತಿನ್ನೋದಾ?" ಎಂದರು. "ಒಂದ್ಸಲ ತಿನ್ನಿಸಿದ್ದು ಸಾಕು."